ಒಂಬತ್ತನೇ ಪುಟ

ಕೋರ್ಟಿನ ನಾಲ್ಕನೇ ಮಹಡಿಯಲ್ಲಿ ಲಿಫ್ಟಿಗೆ ಕಾಯುತ್ತಿದ್ದವನು ನನ್ನನ್ನು ನೋಡಿದ. ನೋಡಿಯೂ ನೋಡದವನಂತೆ ಫೈಲನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಮೆಟ್ಟಿಲ ಕಡೆ ನಡೆದುಬಿಟ್ಟ. ಇದು ಮೂರನೇ ಸಲ. ಖಾಲಿ ಲಿಫ್ಟಿನಲ್ಲಿ ನಾನೊಬ್ಬಳೇ ಹಲ್ಲು ಕಡಿಯುತ್ತಾ ಇಳಿದೆ.

ಅವನನ್ನು ಆಫೀಸಿನಲ್ಲಿ ಎಲ್ಲರೂ ಇಂಜಿನಿಯರ್ ಎನ್ನುತ್ತಿದ್ದರು. ಮೊದಲು ಯಂತ್ರ, ಆಮೇಲೆ ಕಾನೂನು ಓದಿದವನು. ನಮ್ಮದು ಪೇಟೆಂಟ್ ಕೇಸುಗಳ ಆಫೀಸು. ಯಾರ ಉಪಾಯವನ್ನು ಯಾರು ಕದ್ದರು ಎಂಬ ಜಗಳವೇ ನಮ್ಮ ಅನ್ನ. ಮೂರು ವರ್ಷ ಒಂದೇ ಮೇಜಿನ ಆಚೆ ಈಚೆ ಕೂತೆವು. ಯಂತ್ರ ಹೇಗೆ ಓಡುತ್ತದೆಂದು ಅವನು ಹೇಳಬೇಕು, ಜಡ್ಜಿಗೆ ತಿಳಿಯುವಂತೆ ನಾನು ಬರೆಯಬೇಕು. ನನ್ನ ತಲೆಗೆ ಹೋಗದಿದ್ದರೆ ನನ್ನ ಪೆನ್ನನ್ನೇ ಬಿಚ್ಚಿ ಸ್ಪ್ರಿಂಗ್ ತೋರಿಸುತ್ತಿದ್ದ. ಜೋಡಿಸಿ ವಾಪಸ್ ಕೊಡುವಾಗ ಬೆರಳು ತಾಗಿದರೆ ಇಬ್ಬರೂ ಪೆನ್ನನ್ನೇ ನೋಡುತ್ತಿದ್ದೆವು.

ಆಮೇಲೆ ಆಫೀಸು ಎರಡಾಯಿತು. ಇಬ್ಬರು ಪಾಲುದಾರರಲ್ಲಿ ಸರ್ ಹನ್ನೆರಡು ಜನರನ್ನು ಕಟ್ಟಿಕೊಂಡು ಬೇರೆ ಹೋದರು, ಮೇಡಂ ಉಳಿದರು. ಇಂಜಿನಿಯರ್ ಆ ಕಡೆ, ನಾನು ಈ ಕಡೆ.

ಕೊನೆಯ ದಿನ ಅವನು ರಟ್ಟಿನ ಪೆಟ್ಟಿಗೆ ಹಿಡಿದು ನನ್ನ ಮುಂದೆ ನಿಂತ.

"ಒಪ್ಪಂದದ ಕಾಗದ ಎಲ್ಲರಿಗೂ ಮೇಲ್ ಮಾಡಿದಾರಲ್ಲ, ಒಂಬತ್ತನೇ ಪುಟ ಓದಿದ್ರಾ?"

ಬಿಟ್ಟು ಹೋಗುವವನಿಗೆ ಹೇಳಲು ಸಿಕ್ಕಿದ್ದು ಇದೇ? ಮೈಯೆಲ್ಲ ಉರಿಯಿತು.

"ಓದಿದೀನಿ," ಎಂದೆ. ಓದಿರಲಿಲ್ಲ.

"ಹಾಗಾದ್ರೆ ಇನ್ನು ಎಲ್ಲ ನಿಮ್ಮ ಕೈಲಿದೆ." ಒಂದು ಗಳಿಗೆ ನನ್ನ ಮುಖವನ್ನೇ ನೋಡಿದ, ಏನೋ ಕೇಳಿಕೊಳ್ಳುವವನಂತೆ. ನಾನು ಕಂಪ್ಯೂಟರ್ ನೋಡುತ್ತಾ "ಒಳ್ಳೇದಾಗ್ಲಿ" ಎಂದೆ.

ಅಲ್ಲಿಂದ ಒಂದು ಫೋನಿಲ್ಲ, ಮೆಸೇಜಿಲ್ಲ.

"ನೀನೇ ಮಾಡಬಾರ್ದೇನೇ?" ಎಂದು ಅಕ್ಕ ಎಷ್ಟು ಸಲ ಬೈದಳೋ. "ಆ ಬಿಗುಮಾನ ಇಟ್ಕೊಂಡು ಉಪ್ಪಿನಕಾಯಿ ಹಾಕ್ತೀಯಾ?"

ಹೋದವನು ಮಾಡಬೇಕು. ನಾನ್ಯಾಕೆ ಮಾಡಲಿ?

ಕೋರ್ಟಿನಿಂದ ಆಫೀಸಿಗೆ ಬಂದರೆ ಅದೇ ಹಾಳು ಸುರಿಯುವ ಕೋಣೆ. ಬೋರ್ಡಿನಲ್ಲಿ ಸರ್ ಹೆಸರು ಕಿತ್ತ ಜಾಗದಲ್ಲಿ ನಾಲ್ಕು ಮೊಳೆ ತೂತು. ಅರ್ಧ ಕುರ್ಚಿ ಖಾಲಿ, ಅವರ ಕೆಲಸವೆಲ್ಲ ನಮ್ಮ ತಲೆ ಮೇಲೆ. ಮಕ್ಕಳ ಕೈಗೆ ತೆರೆಯದ ಔಷಧಿ ಬಾಟಲಿಯ ಮುಚ್ಚಳದ ಕೇಸು ನನ್ನ ಪಾಲಿಗೆ ಬಂದಿತ್ತು. ಒತ್ತಿದೆ, ತಿರುಗಿಸಿದೆ, ಉಗುರು ಮುರಿಯಿತು. ಕೊನೆಗೆ ಅದನ್ನು ಗೋಡೆಗೆ ಎಸೆದೆ. ಸರಿಯಾಗಿ ಆಗಲೇ ಮೇಡಂ ಒಳಗೆ ಬಂದರು.

"ಪಾಪ, ಮುಚ್ಚಳ ಏನ್ಮಾಡ್ತು?"

"ಇದರ ತಲೆಬುಡ ಅರ್ಥ ಆಗ್ತಿಲ್ಲ ಮೇಡಂ. ಹೇಳಿಕೊಡೋರು ಯಾರಿದಾರೆ ಇಲ್ಲಿ?"

"ಹೊಸ ಇಂಜಿನಿಯರ್ ಮುಂದಿನ ತಿಂಗಳು ಬರ್ತಾನೆ."

"ಹಳೆಯವರು ನನ್ನ ಕಂಡ್ರೆ ಮೆಟ್ಟಿಲಿಳಿದು ಓಡ್ತಾರೆ." ಬಾಯಿ ತಪ್ಪಿ ಬಂದೇಬಿಟ್ಟಿತು.

"ಓಡದೆ ಏನ್ಮಾಡ್ತಾನೆ? ನಮ್ಮವರನ್ನೆಲ್ಲ ಅಲ್ಲಿಗೆ ಎಳ್ಕೊಂಡು ಹೋಗ್ಬಾರ್ದು ಅಂತ ನಾನೇ ತಾನೆ ಆ ಷರತ್ತು ಹಾಕಿದ್ದು."

"ಯಾವ ಷರತ್ತು?"

ಮೇಡಂ ಕನ್ನಡಕ ಇಳಿಸಿ ನೋಡಿದರು. "ಒಂಬತ್ತನೇ ಪುಟ. ನೀನು ಓದಿಲ್ವೇನಮ್ಮಾ?"

ಅವರು ಹೋದ ಮೇಲೆ ಓದಿದೆ. ಹೊರಹೋದವರು ಉಳಿದವರನ್ನು ಆರು ತಿಂಗಳ ಕಾಲ ಫೋನಿನಲ್ಲಾಗಲಿ ಎದುರಿಗಾಗಲಿ ತಾವಾಗಿ ಮಾತನಾಡಿಸಕೂಡದು. ಮೀರಿದರೆ ಹೊಸ ಆಫೀಸಿಗೆ ಹೋದ ಕೇಸುಗಳೆಲ್ಲ ವಾಪಸ್. ಅದರ ಕೆಳಗೆ ಒಂದೇ ಸಾಲು: ಉಳಿದವರು ತಾವಾಗಿ ಮಾತನಾಡಿಸಿದರೆ ಅಭ್ಯಂತರವಿಲ್ಲ.

ದಿನಕ್ಕೆ ಇನ್ನೂರು ಪುಟ ಊರವರ ಕಾಗದ ಓದುವವಳು ನಾನು, ಅವನು ಕೇಳಿಕೊಂಡ ಒಂದು ಪುಟ ಓದಿರಲಿಲ್ಲ. ಓದಿದೀನಿ ಎಂದು ಸುಳ್ಳು ಬೇರೆ. ಎಲ್ಲ ತಿಳಿದೂ ಸುಮ್ಮನಿದ್ದಾಳೆ, ಇವಳಿಗೆ ನಾನು ಬೇಡ ಎಂದುಕೊಂಡೇ ಅವನು ಐದು ತಿಂಗಳು ಇಪ್ಪತ್ತು ದಿನ ಕಳೆದಿದ್ದಾನೆ. ಅಷ್ಟರಲ್ಲಿ ಬೇರೆ ಯಾರನ್ನಾದರೂ ನೋಡಿಕೊಂಡಿದ್ದರೆ? ಆದರೂ ನಂಬರ್ ಒತ್ತಿದೆ.

ಒಂದೇ ರಿಂಗಿಗೆ ಎತ್ತಿಕೊಂಡ. ಮಾತಾಡಲಿಲ್ಲ.

"ಹಲೋ? ಕೇಳಿಸ್ತಿದೆಯಾ?"

"ಕೇಳಿಸ್ತಿದೆ. ಫೋನ್ ಮಾಡಿದ್ದು ನೀವೇ ಅಂತ ಒಂದ್ಸಲ ಬಾಯಿ ಬಿಟ್ಟು ಹೇಳಿ ವಕೀಲರೇ. ದಾಖಲೆಗೆ."

"ನಾನೇ ಮಾಡಿದ್ದು. ಆ ಪುಟ ಓದಿದ್ದು ಇವತ್ತು, ಈಗ. ಅವತ್ತು ಸಿಟ್ಟಲ್ಲಿ ಸುಳ್ಳು ಹೇಳಿದ್ದೆ."

"ಸುಳ್ಳಾ?" ಎಂದ. "ದಿನಾ ಫೋನು ನೋಡ್ಕೊಂಡು ಕೂತು ನನಗೆ ತಲೆ ಕೆಟ್ಟುಹೋಗಿದೆ. ಸ್ನಾನಕ್ಕೆ ಹೋದ್ರೂ ಜೊತೆಗೇ ಒಯ್ತಿದ್ದೆ."

"ಲಿಫ್ಟಲ್ಲಿ ಸುಮ್ನೆ ನಿಲ್ಲಬಹುದಿತ್ತಲ್ಲ? ನಿಲ್ಲಬಾರ್ದು ಅಂತ ಷರತ್ತಲ್ಲೇನೂ ಇರ್ಲಿಲ್ಲ."

"ನಿಮ್ಮ ಪಕ್ಕ ನಾಲ್ಕು ಮಹಡಿ ಸುಮ್ನೆ ಇರೋಕೆ ನನ್ನ ಕೈಲಿ ಆಗಲ್ಲ. ಬಾಯಿ ಬಿಟ್ಟಿದ್ರೆ ನಿಮ್ಮನ್ನ ಬಿಟ್ಟು ಬದುಕೋಕೆ ಆಗ್ತಿಲ್ಲ ಅಂತಾನೇ ಹೇಳ್ತಿದ್ದೆ. ಹನ್ನೆರಡು ಜನರ ಕೆಲಸ ಹೋಗ್ತಿತ್ತು."

ಕಣ್ಣು ತುಂಬಿ ಮುಂದಿನ ಮೇಜು ಕಾಣಿಸಲಿಲ್ಲ.

"ಎಲ್ಲಿದೀರಾ?" ಎಂದು ಕೇಳಿದೆ.

"ಕೋರ್ಟಿನ ಎದುರು, ಕಾಫಿ ಅಂಗಡೀಲಿ. ನಾನೇ ಬರ್ಲಾ?"

"ಬರೋ ಹಾಗಿಲ್ಲ ನೀವು. ಇನ್ನೂ ಹತ್ತು ದಿನ ಇದೆ. ನಾನೇ ಬರ್ತೀನಿ, ಬಂದು ಚೆನ್ನಾಗಿ ಬೈತೀನಿ."

"ಬನ್ನಿ. ಬೈಸ್ಕೊಂಡು ಎಷ್ಟು ದಿನ ಆಯ್ತು."

ನೆಲದ ಮೇಲೆ ಬಿದ್ದಿದ್ದ ಮುಚ್ಚಳವನ್ನು ಹೆಕ್ಕಿ ಬ್ಯಾಗಿಗೆ ಹಾಕಿಕೊಂಡೆ. ಆಫೀಸಿನ ಲಿಫ್ಟು ಬೇರೆ ಯಾವುದೋ ಮಹಡಿಯಲ್ಲಿ ನಿಂತಿತ್ತು. ಅದು ಬರುವ ತನಕ ಕಾಯುವ ತಾಳ್ಮೆ ನನಗಿರಲಿಲ್ಲ. ಮೆಟ್ಟಿಲಿಳಿದು ಓಡಿದೆ.