ಎಡಗೈ ಕಡೆಯ ಮೈಕು

೧೯೫೮ರ ಸೆಪ್ಟೆಂಬರ್ ಒಂಬತ್ತು, ಮಂಗಳವಾರ. ಬೆಳಗ್ಗೆ ಹತ್ತಕ್ಕೆ ರಾಜಾಜಿನಗರ ಠಾಣೆಗೆ ಬಂದ ಶ್ಯಾಮಸುಂದರನ ದೂರು ಒಂದೇ ಸಾಲಿನದು: ತನ್ನ ರೆಕಾರ್ಡಿಂಗ್ ಕೋಣೆಯಿಂದ ಜರ್ಮನಿಯ ಮೈಕು ಕಳವಾಗಿದೆ. ಇನ್‌ಸ್ಪೆಕ್ಟರ್ ಲಕ್ಷ್ಮೀಪತಿ ಎಫ್‌ಐಆರ್ ಬರೆಸಿ ಕಾನ್‌ಸ್ಟೇಬಲ್ ಉಗ್ರಪ್ಪನನ್ನು ಹುಡುಕಲು ಅಟ್ಟಿದರು. ಆ ಪುಣ್ಯಾತ್ಮ ಮದುವೆ ಮನೆಗೆ ಮೈಕ್‌ಸೆಟ್ ಬಾಡಿಗೆ ಕೊಡುವ ಅಂಗಡಿಗಳನ್ನೆಲ್ಲ ಜಾಲಾಡಿ, ಮಧ್ಯಾಹ್ನಕ್ಕೆ ಮೂರು ತಗಡಿನ ಕಹಳೆಗಳನ್ನು ಹೊತ್ತು ತಂದ. ಅವನದೇನು ತಪ್ಪು? ಊರಿಗೆಲ್ಲ ಮೈಕೆಂದರೆ ಮರಕ್ಕೆ ಕಟ್ಟಿ ಕೂಗಿಸುವ ಕಹಳೆಯೇ.

"ಇದ್ರಲ್ಲಿ ಜರ್ಮನೀದು ಯಾವ್ದು ಸಾರ್?"

ಲಕ್ಷ್ಮೀಪತಿ ಹಣೆ ಚಚ್ಚಿಕೊಂಡು, ತಾವೇ ಪಂಚನಾಮೆಗೆ ಹೊರಟರು.

ಅಲ್ಲಿ ಗೊಂದಲ ಇನ್ನೂ ಹೆಚ್ಚಿತು. ಶ್ಯಾಮಸುಂದರ ವಿವರಿಸಿದ: ಇವು ವಾಲ್ವಿನ ಮೈಕುಗಳು, ಒಳಗೆ ರೂಪಾಯಿ ಅಗಲದ ತೆಳು ಪೊರೆ, ಉಸಿರೆಳೆದರೂ ಕೇಳುತ್ತದೆ. ವೀಣೆಯ ಎರಡು ಕಡೆ ಒಂದೊಂದಿಟ್ಟು ಧ್ವನಿ ಹಿಡಿದರೆ, ಆಮೇಲೆ ಎರಡು ಸ್ಪೀಕರಿನಲ್ಲಿ ಕೇಳುವಾಗ ವಾದಕರು ಎದುರಿಗೇ ಕೂತಂತಿರುತ್ತದೆ. ಜೋಡಿಯಲ್ಲಿ ಒಂದು ಸ್ಟ್ಯಾಂಡಿನ ಮೇಲೇ ಇತ್ತು. ಹೋದದ್ದಕ್ಕೆ ಕರೆಂಟು ಕೊಡುವ ಪೆಟ್ಟಿಗೆಯೂ ನೆಲದಲ್ಲೇ ಇತ್ತು. ಅದಿಲ್ಲದೆ ಮೈಕು ಬರೀ ಕಬ್ಬಿಣದ ತುಂಡು, ಮಾರಿದರೂ ಯಾರೂ ಕೊಳ್ಳರು. ಹಾಗಾದರೆ ಕದ್ದವನಿಗೆ ಬೇಕಿದ್ದುದೇನು? ಲಕ್ಷ್ಮೀಪತಿಯ ತಲೆ ಮೊಸರುಗಡಿಗೆಯಾಯಿತು.

ಹಿಂದಿನ ಸಂಜೆ ವೀಣೆ ಕಮಲಾಕ್ಷಮ್ಮನವರ ಟ್ರಯಲ್ ರೆಕಾರ್ಡಿಂಗ್ ನಡೆದಿತ್ತು. ತಮ್ಮ ಟೇಪು ತಾವೇ ಕೇಳಿ ಹೊರಟವರು, ಕನ್ನಡಕ ಮರೆತೆನೆಂದು ಮತ್ತೆ ಒಬ್ಬರೇ ಒಳಗೆ ಹೋಗಿ ಬಂದಿದ್ದರು. ಲಕ್ಷ್ಮೀಪತಿ ಆ ಟೇಪು ಹಾಕಿಸಿದರು. ಬಲ ಸ್ಪೀಕರಿನಲ್ಲಿ ಮೀಟು ಗಂಟೆಯಂತೆ ಸ್ವಚ್ಛ. ಎಡಗಡೆ ಸ್ವರದಡಿ ಏನೋ ಗಡಗಡ.

"ವಾಲ್ವು ಹೊಸದು ಸಾರ್. ಯಾಕೆ ಹೀಗೆ ಅಂತ ಗೊತ್ತಾಗ್ತಿಲ್ಲ."

"ಕಳುವಾಗಿದ್ದು ಯಾವ ಕಡೇದು?"

"ಇದೇ. ಎಡಗೈ ಮೆಟ್ಟು ಒತ್ತೋ ಕಡೇದು."

ಇವತ್ತಿನ ರೆಕಾರ್ಡಿಂಗು ನಿಂತಿತೇ ಎಂದು ಕೇಳಿದಾಗ, ಇಲ್ಲ, ಹಳೆಯ ಮೈಕಿನಲ್ಲೇ ಮುಗಿಸೋಣವೆಂದು ಅಮ್ಮನವರೇ ಹೇಳಿಕಳಿಸಿದ್ದಾರೆ ಎಂದ.

ಕಮಲಾಕ್ಷಮ್ಮನವರ ಮನೆ ಎರಡು ಬೀದಿಯಾಚೆ. ಪೊಲೀಸರಾದರೂ ಮನೆಗೆ ಬಂದವರೆಂದು ಅವರು ಕಾಫಿ ತಂದರು. ಎಡಗೈಯಲ್ಲಿದ್ದ ಲೋಟ ಡಬರಿಗೆ ತಾಗಿ ಗಡಗಡ ಸದ್ದಾಯಿತು. ಲಕ್ಷ್ಮೀಪತಿ ಈಗಷ್ಟೇ ಟೇಪಿನಲ್ಲಿ ಕೇಳಿದ ಸದ್ದು! ಅವರು ಕಾಫಿ ಕುಡಿಯದೆ ಕೆಳಗಿಟ್ಟರು.

"ಅಮ್ಮಾ, ಒಂದನ್ನೇ ಯಾಕೆ ತಗೊಂಡ್ರಿ?"

ಆಕೆ ಎದ್ದು ವೀಣೆಯ ಕಡೆ ಹೋದರು. "ಬಲಗೈ ಚೆನ್ನಾಗೇ ಇದೆಯಪ್ಪ," ಎಂದರು.

ವೀಣೆಯ ಗವಸಿನೊಳಗಿಂದ ಮೈಕು ತಾವೇ ತೆಗೆದುಕೊಟ್ಟರು.

"ಕಚೇರೀಲಿ ಈ ನಡುಕಾನ ಗಮಕ ಅಂದ್ಕೊಂಡು ತಲೆದೂಗ್ತಾರೆ. ಈ ಮೈಕಿಗೆ ಮಾತ್ರ ಗೊತ್ತಾಗೋಯ್ತು. ಗ್ರಾಮಫೋನ್ ಪ್ಲೇಟು ಆಚೆ ಬಂದ್ರೆ ನಾನು ಸತ್ತ ಮೇಲೂ ನಡುಗ್ತಾನೇ ಇರತ್ತೆ."

ಸಂಜೆ ಐದಕ್ಕೆ ಪಂಚರ ಸಹಿಯಾಗಿ, ಪಕ್ಕದ ಮನೆಯ ಬೋರಮ್ಮನನ್ನು ಜೊತೆಗಿಟ್ಟು, ಲಕ್ಷ್ಮೀಪತಿ ಆಕೆಯನ್ನು ದಸ್ತಗಿರಿ ಮಾಡಿದರು. ಮಾಡದೆ ವಿಧಿಯಿರಲಿಲ್ಲ. ಜೀಪಿನೊಂದಿಗೆ ಬಂದಿದ್ದ ಉಗ್ರಪ್ಪ ಮೈಕನ್ನು ತಿರುಗಿಸಿ ಮುರುಗಿಸಿ ನೋಡಿದ.

"ಇದೇನಾ ಸಾರ್? ಇದು ಎಲ್ಲಿಂದ ಕೂಗತ್ತೆ?"

"ಇದು ಕೂಗಲ್ಲ ಕಣಯ್ಯಾ. ಕೇಳಿಸ್ಕೊಳ್ಳತ್ತೆ."

ಅದೊಂದಕ್ಕೇ ಹೆದರಿದ್ದರು ಕಮಲಾಕ್ಷಮ್ಮ. ಜೀಪಿನಲ್ಲಿ ಠಾಣೆಯವರೆಗೂ ಬಲಗೈಯಿಂದ ಎಡಗೈಯನ್ನು ಅದುಮಿ, ಸೆರಗಿನೊಳಗೆ ಮುಚ್ಚಿಟ್ಟುಕೊಂಡೇ ಕೂತಿದ್ದರು.