ರಕ್ತ ಬಾರದ ಗಾಯ

“ಕೈಗೆತ್ತಿಕೊಂಡು ನೋಡಿ, ಬೇಡ ಅನ್ನಲ್ಲ. ಅಂಚಿಗೆ ಮಾತ್ರ ಬೆರಳು ತಾಗಿಸಬೇಡಿ,” ಎಂದಳು ಮುದುಕಿ. “ಅದರಲ್ಲಿ ಮಾಟ ಇದೆ.”

ಉಕ್ಕಿನ ಪರೀಕ್ಷಕನಿಗೆ ನಗು ತಡೆಯಲಾಗಲಿಲ್ಲ. ಕಾರ್ಖಾನೆಯ ಪ್ರಯೋಗಶಾಲೆಯಲ್ಲಿ ಇಪ್ಪತ್ತಾರು ವರ್ಷ ಉಕ್ಕನ್ನು ಕೊಯ್ದು, ಬಗ್ಗಿಸಿ, ಮುರಿದು, ಅದರ ಹೊಟ್ಟೆಯೊಳಗಿನ ಗುಟ್ಟನ್ನೆಲ್ಲ ಬಯಲಿಗೆಳೆದವನು ಅವನು. ಚಾಕು ಮಾಡುವವರ ಈ ವಾರ್ಷಿಕ ಪ್ರದರ್ಶನಕ್ಕೆ ಬಂದದ್ದು ಮಾತ್ರ ಇದೇ ಮೊದಲು. ಬೆಳಿಗ್ಗೆ ಬಾಗಿಲು ತೆರೆದಾಗಿನಿಂದ ಆ ದೊಡ್ಡ ಹಜಾರದಲ್ಲಿ ಮೇಜಿನಿಂದ ಮೇಜಿಗೆ ಅಲೆಯುತ್ತಿದ್ದ. ಯಂತ್ರದಿಂದ ಉದುರಿದ ಚಾಕು ಅಲ್ಲಿ ಒಂದೂ ಇರಲಿಲ್ಲ. ಒಂದೊಂದೂ ಯಾರದೋ ಕುಲುಮೆಯಲ್ಲಿ ಕಾದು, ಯಾರದೋ ಸುತ್ತಿಗೆಗೆ ಮಣಿದು, ಯಾರದೋ ಅಂಗೈಯ ಅಳತೆಗೆ ಹಿಡಿ ಕಟ್ಟಿಸಿಕೊಂಡದ್ದು. ಮೀನು ಸೀಳುವ ತೆಳ್ಳನೆಯ ಅಲಗು. ಚರ್ಮ ಕತ್ತರಿಸುವ ಅರ್ಧಚಂದ್ರ. ಕಿರುಬೆರಳಿನಷ್ಟೇ ಉದ್ದದ ಪೆನ್ಸಿಲ್ ಚಾಕು. ಎಣ್ಣೆ, ಉಜ್ಜಿದ ಕೊಂಬು, ಹೊಸ ತೊಗಲಿನ ಒರೆ, ಮೂರೂ ಬೆರೆತ ಘಾಟು ಹಜಾರದ ತುಂಬ ಕವಿದಿತ್ತು.

ಮುದುಕಿಯ ಮೇಜು ತೀರ ಕೊನೆಯಲ್ಲಿ, ದೀಪ ಕೆಟ್ಟುಹೋಗಿದ್ದ ಮೂಲೆಯಲ್ಲಿತ್ತು. ಅದರ ಮೇಲಿದ್ದದ್ದು ಒಂದೇ ಚಾಕು. ಗೇಣುದ್ದದ ಅಲಗು. ಪದರದ ಮೇಲೆ ಪದರ ಬೆಸೆದು ಬಡಿದ ಉಕ್ಕಿನಲ್ಲಿ ನೀರಿನ ಅಲೆಯಂಥ ಗೆರೆಗಳು. ದಿಟ್ಟಿಸಿದರೆ ಅವು ಮೆಲ್ಲಗೆ ಹರಿಯುತ್ತಿವೆ ಅನ್ನಿಸುತ್ತಿತ್ತು. ಇಂಥ ಹದವಾದ ಕೆಲಸವನ್ನು ಅವನು ಎಲ್ಲೂ ಕಂಡಿರಲಿಲ್ಲ. ಮೂಗಿನ ಹತ್ತಿರ ತಂದ. ಎಣ್ಣೆಯ ವಾಸನೆಯ ಅಡಿಯಲ್ಲಿ ಇನ್ನೊಂದು ವಾಸನೆ ಇತ್ತು, ಹಸಿ ಹಸಿಯಾಗಿ.

“ಅಮ್ಮ, ಉಕ್ಕು ಅಂದ್ರೆ ಕಬ್ಬಿಣ, ಒಂಚೂರು ಇಂಗಾಲ. ಬೇರೆ ಏನೇ ಸೇರಿದ್ರೂ ನನ್ನ ಯಂತ್ರ ಹೇಳುತ್ತೆ. ಮಾಟ ಅನ್ನೋ ಧಾತು ಇವತ್ತಿನವರೆಗೂ ಸಿಕ್ಕಿಲ್ಲ,” ಎಂದವನೇ ಹೆಬ್ಬೆರಳನ್ನು ಅಂಚಿನ ಮೇಲೆ ಅಡ್ಡಕ್ಕೆ ಎಳೆದ.

ಚರ್ಮ ಬಾಯಿ ಬಿಟ್ಟಿತು. ನೋವಿಲ್ಲ. ಸೀಳಿನ ಒಳಗಿನ ಮಾಂಸ ಬೆಳ್ಳಗೆ ಕಾಣಿಸುತ್ತಿತ್ತು, ಕೆಂಪು ಮಾತ್ರ ಒಂದು ಹನಿಯೂ ಇಲ್ಲ. ಅದನ್ನೇ ದೊಡ್ಡ ತಮಾಷೆ ಎಂಬಂತೆ ಮುದುಕಿಯ ಮುಖದ ಮುಂದೆ ಹಿಡಿದ.

ಅವಳು ಬೆರಳನ್ನು ನೋಡಲಿಲ್ಲ. “ಮಕ್ಕಳಿದ್ದಾರಾ?” ಎಂದಳು.

ಒಬ್ಬಳೇ ಮಗಳು ಎಂದ. ಮುದುಕಿ ಚಾಕುವಿನ ಮೇಲೆ ಬಟ್ಟೆ ಎಳೆದು, ಕುರ್ಚಿ ತಿರುಗಿಸಿಕೊಂಡು, ಗೋಡೆಗೆ ಮುಖ ಮಾಡಿ ಕೂತುಬಿಟ್ಟಳು.

ಮನೆಗೆ ಬಂದಾಗ ಮಗಳು ಎಡಗೈಯಲ್ಲಿ ಊಟ ಕಲಸುತ್ತಿದ್ದಳು. ಬಲಗೈಯ ಹೆಬ್ಬೆರಳಿಗೆ ದಪ್ಪನೆಯ ಬ್ಯಾಂಡೇಜು. ಅವಳು ಈಜು ಕಲಿಸುವವಳು. ಹನ್ನೊಂದೂವರೆ ಹೊತ್ತಿಗೆ ಕೊಳದ ದಂಡೆಯಲ್ಲಿ ನಿಂತು ಸೀಟಿ ಊದುತ್ತಿದ್ದಾಗ ಬೆರಳು ತನ್ನಷ್ಟಕ್ಕೆ ಸೀಳಿಕೊಂಡಿತಂತೆ. ಕೈಯಲ್ಲಿ ಸೀಟಿ ಬಿಟ್ಟರೆ ಏನೂ ಇರಲಿಲ್ಲವಂತೆ. ನಾಲ್ಕು ಹೊಲಿಗೆ ಬಿದ್ದಿತ್ತು. ಕ್ಲೋರಿನ್ ಜಾಸ್ತಿಯಾಗಿ ಚರ್ಮ ಒಣಗಿ ಬಿರಿದಿರಬೇಕು ಎಂದು ಅವಳೇ ಸಮಾಧಾನ ಹೇಳಿದಳು. ತಾಯಿಯಿಲ್ಲದ ಮನೆ, ಹನ್ನೊಂದು ವರ್ಷದಿಂದ ಅಪ್ಪನಿಗೆ ಸಮಾಧಾನ ಹೇಳುವ ಕೆಲಸ ಅವಳದೇ ಆಗಿತ್ತು.

ಅವನು ಚಾಕುವಿನ ಅಂಚಿಗೆ ಬೆರಳೆಳೆದದ್ದೂ ಅದೇ ಹೊತ್ತಿಗೆ. ಕಾಕತಾಳೀಯ ಎಂದುಕೊಂಡ. ಮೂರನೆಯ ದಿನ ಗಡ್ಡ ಕೆರೆಯುವಾಗ ಬ್ಲೇಡು ಗದ್ದಕ್ಕೆ ತಾಗಿತು. ಕನ್ನಡಿಯಲ್ಲಿ ಬಿಳಿ ಗೀರು, ರಕ್ತವಿಲ್ಲ. ಅಡುಗೆಮನೆಯಲ್ಲಿ ಲೋಟ ಬಿದ್ದ ಸದ್ದು. ಹೋಗಿ ನೋಡಿದರೆ ಮಗಳು ಗದ್ದ ಒತ್ತಿಹಿಡಿದು ನಿಂತಿದ್ದಾಳೆ, ಬೆರಳ ಸಂದಿನಿಂದ ಕೆಂಪಗೆ ಇಳಿಯುತ್ತಿದೆ.

ಪರೀಕ್ಷಕನ ಬುದ್ಧಿ, ಪರೀಕ್ಷೆ ಮಾಡದೆ ಒಪ್ಪುವುದಿಲ್ಲ. ಮರುದಿನ ಪ್ರಯೋಗಶಾಲೆಯಲ್ಲಿ ಬಾಗಿಲು ಹಾಕಿಕೊಂಡು ಸೂಜಿಯಿಂದ ಮೊಣಕೈ ಕೆಳಗೆ ಒಂದೇ ಸಾಲಿನಲ್ಲಿ ಮೂರು ಕಡೆ ಚುಚ್ಚಿದ. ಗಡಿಯಾರ ನೋಡಿ ವೇಳೆ ಬರೆದಿಟ್ಟ. ಸಂಜೆ ಮಗಳು ತೋಳು ಮಡಚಿ ತೋರಿಸಿದಳು. ಮೂರು ಚುಕ್ಕೆ. ಒಂದೇ ಸಾಲು. ಅದೇ ವೇಳೆ.

ಮರುದಿನವೇ ಅವನು ಪ್ರದರ್ಶನ ನಡೆಸುವವರನ್ನು ಕಾಡಿ ಬೇಡಿ ಮುದುಕಿಯ ವಿಳಾಸ ಹಿಡಿದು ಹೋದ.

ಎರಡು ಕೋಣೆಯ ಮನೆ. ಹಿಂದುಗಡೆ ತಣ್ಣಗಾದ ಕುಲುಮೆ, ಬೂದಿಯ ವಾಸನೆ. ಒಳಕೋಣೆಯಲ್ಲಿ ಅವಳ ಗಂಡ, ಆ ಚಾಕು ಮಾಡಿದವನು, ಗೋಡೆಗೊರಗಿ ಕೂತಿದ್ದ. ಮುದುಕಿ ಹೇಳಿದ್ದು ಇಷ್ಟು. ಜೊತೆಯಲ್ಲೇ ಕೆಲಸ ಕಲಿತ ಒಬ್ಬನಿಗೆ ಗಂಡನ ಹೆಸರು ಬೆಳೆದದ್ದು ಸಹಿಸಲಾಗಲಿಲ್ಲ. ಯಾರ ಕೈಯಲ್ಲೋ ಮಾಟ ಮಾಡಿಸಿದ. ಅಪ್ಪನ ಉಗುರು, ಮಗನ ಕೂದಲು ಒಂದೇ ದಾರದಲ್ಲಿ ಸುತ್ತಿದ ಗಂಟನ್ನು ಕಬ್ಬಿಣ ಬಡಿಯುವ ಅಡಿಗಲ್ಲಿನ ಕೆಳಗೆ ಹೂತಿಟ್ಟ. ಆ ಕಲ್ಲಿನ ಮೇಲೆ ಬಡಿದ ಕೊನೆಯ ಚಾಕು ಅದು, ಮಾಟ ಅದರ ಅಂಚಿಗೂ ಇಳಿಯಿತು. ಅಂದಿನಿಂದ ಗಂಡನಿಗೆ ಗಾಯವಾದರೆ ಮಗನಿಗೆ ರಕ್ತ. ಗಂಟು ತೆಗೆದು ಸುಟ್ಟರೂ ಬಿಡಲಿಲ್ಲ. ಒಂದು ದಿನ ಸಾಣೆಕಲ್ಲು ಸಿಡಿದು ಚೂರು ಗಂಡನ ಕುತ್ತಿಗೆಗೆ ಹೊಕ್ಕಿತು. ಅವನು ಅದನ್ನು ಕಿತ್ತು ಬಿಸಾಕಿ ಎದ್ದು ನಿಂತ. ಬೇರೆ ಊರಿನಲ್ಲಿ ಊಟಕ್ಕೆ ಕೂತಿದ್ದ ಮಗ ತಟ್ಟೆಯ ಮೇಲೆ ಬಿದ್ದ.

“ಆಮೇಲೆ ಇವರ ಕೈ ಎಲ್ಲರ ಕೈ ಥರಾನೇ ಆಯ್ತು. ಕೊಯ್ದರೆ ರಕ್ತ ಬರುತ್ತೆ,” ಎಂದಳು ಮುದುಕಿ.

ಹಾಗಿದ್ದ ಮೇಲೆ ಅದನ್ನು ಪ್ರದರ್ಶನಕ್ಕೆ ಯಾಕೆ ತರುತ್ತೀರಿ ಎಂದು ಅವನು ಸಿಟ್ಟಿನಿಂದ ಕೇಳಿದ. 

“ಎಸೆದರೆ ಯಾರಾದ್ರೂ ಎತ್ತಿಕೊಳ್ತಾರೆ. ಅಷ್ಟೊಂದು ಜನ ಕುಲುಮೆಯೋರು ಸೇರೋ ಜಾಗ ಅದೊಂದೇ. ಇದನ್ನ ಬಿಡಿಸೋದು ಗೊತ್ತಿರೋರು ಒಬ್ಬರಾದ್ರೂ ಬರ್ತಾರೇನೋ ಅಂತ. ಅಂಚು ಮುಟ್ಟಬೇಡಿ ಅಂತ ಎಲ್ಲರಿಗೂ ಹೇಳ್ತೀನಿ. ಎಲ್ಲರೂ ಕೇಳ್ತಾರೆ.”



ಅಲ್ಲಿಂದ ಅವನ ಬದುಕು ಗಾಜಿನ ಪೆಟ್ಟಿಗೆಯಾಯಿತು. ಮಗಳಿಗೆ ಎಲ್ಲವನ್ನೂ ಹೇಳಿದ. ಇಬ್ಬರೂ ಕೂತು ಮನೆಯ ಚೂಪಾದ ಸಾಮಾನನ್ನೆಲ್ಲ ಆರಿಸಿ ಹೊರಗೆ ಹಾಕಿದರು. ಗಡ್ಡ ಬಿಟ್ಟ. ಕೆಲಸ ಬಿಟ್ಟ. ರಸ್ತೆ ದಾಟುವುದನ್ನೂ ಬಿಟ್ಟ. ಮಗಳು ತರಕಾರಿಯನ್ನು ಕೈಯಲ್ಲೇ ಮುರಿದು ಬೇಯಿಸುತ್ತಿದ್ದಳು. ಮೇಜಿನ ಮೂಲೆಗಳಿಗೆ ಹಳೆಯ ಈಜುಡುಪು ಸುತ್ತಿ, ಅಪ್ಪನಿಗೆ ಈಗ ಹಲ್ಲು ಬರುವ ವಯಸ್ಸು ಎಂದು ನಗಿಸುತ್ತಿದ್ದಳು. ಏಳು ತಿಂಗಳು ಒಂದು ಗೀರೂ ಆಗಲಿಲ್ಲ.

ಎಂಟನೆಯ ತಿಂಗಳು ಅವನ ಹೊಟ್ಟೆಯ ಬಲಗಡೆ ನೋವು ಶುರುವಾಯಿತು. ಎರಡು ದಿನ ಹಲ್ಲು ಕಚ್ಚಿ ಮುಚ್ಚಿಟ್ಟ. ಮೂರನೆಯ ದಿನ ಮೈ ಕೆಂಡವಾಗಿ, ಮಾತು ತೊದಲಿ, ನೆಲಕ್ಕೆ ಕುಸಿದ. ಅಪೆಂಡಿಕ್ಸ್ ಒಡೆಯುವ ಹಂತದಲ್ಲಿದೆ, ಈಗಲೇ ಕೊಯ್ಯಬೇಕು ಎಂದರು ಆಸ್ಪತ್ರೆಯಲ್ಲಿ. ಕೊಯ್ಯಕೂಡದು ಎಂದು ಅವನು ಕೂಗಾಡಿದ. ಮಾಟದ ಕತೆ ಹೇಳಿದ. ಡಾಕ್ಟರು ಅವನ ಭುಜ ತಟ್ಟಿ, ಜ್ವರ ನೆತ್ತಿಗೇರಿದೆ ಎಂದು ನರ್ಸಿಗೆ ಹೇಳಿದರು. ಎಂಟು ತಿಂಗಳ ಹಿಂದೆ ಅವನೂ ಹಾಗೇ ಅನ್ನುತ್ತಿದ್ದ.

ಮಗಳು ಹಾಸಿಗೆಯ ಪಕ್ಕ ಕೂತಳು. ಅವಳ ಕೂದಲಿನಿಂದ ಕೊಳದ ನೀರಿನ ವಾಸನೆ ಬರುತ್ತಿತ್ತು.

“ಅಪ್ಪ, ಕೊಯ್ಸದೆ ನೀನು ಸತ್ತರೆ, ಆ ಸಾವು ನನ್ನ ಹತ್ರ ಬರಲ್ಲ ಅಂತ ಗ್ಯಾರಂಟಿ ಇದೆಯಾ?”

ಅವನು ಅವಳ ಹೆಬ್ಬೆರಳಿನ ಹಳೆಯ ಗಾಯದ ಗುರುತನ್ನು ಸವರಿದ.

“ಕೊಯ್ಸಿದರೆ ನಾನೂ ಇಲ್ಲೇ ಇರ್ತೀನಿ. ಬಾಗಿಲ ಆಚೆಗೇ. ಹೊಲಿಯೋಕೆ ಅಷ್ಟು ಜನ ಇದ್ದಾರೆ. ಬೆರಳು ವಾಸಿ ಆಗಲಿಲ್ವಾ, ಇದೂ ಆಗುತ್ತೆ.”

ಕಾಗದಕ್ಕೆ ಸಹಿ ಹಾಕಿದ್ದು ಅವಳೇ. ಹೊಟ್ಟೆಗೆ ದಪ್ಪ ಟವೆಲು ಬಿಗಿದುಕೊಂಡು ಹೊರಗಿನ ಬೆಂಚಿನ ಮೇಲೆ ಕೂತದ್ದೂ ಅವಳೇ.

ಎದೆಯಿಂದ ಕೆಳಗೆ ಮರಗಟ್ಟಿಸಿದರು. ಎದೆಯ ಮುಂದೆ ಹಸಿರು ಬಟ್ಟೆಯ ಪರದೆ ಎಳೆದರು. ಸ್ಪಿರಿಟ್ಟಿನ ವಾಸನೆ. ತಟ್ಟೆಯಲ್ಲಿ ಉಕ್ಕು ಉಕ್ಕಿಗೆ ತಾಗುವ ಸಣ್ಣ ಸದ್ದು. ತಲೆಯ ಮೇಲಿನ ದೀಪದ ತಗಡಿನಲ್ಲಿ ತನ್ನ ಹೊಟ್ಟೆಯ ಬಿಂಬ ಅವನಿಗೆ ಮಸುಕಾಗಿ ಕಾಣುತ್ತಿತ್ತು.

ಚಾಕು ಇಳಿಯಿತು.

ಚರ್ಮ ಬಾಯಿ ಬಿಟ್ಟಿತು. ಬೆಳ್ಳಗೆ.

“ಇದೇನಿದು? ರಕ್ತಾನೇ ಇಲ್ಲ,” ಎಂದರು ಡಾಕ್ಟರು. ಮತ್ತೆ ಕೊಯ್ದರು. ಇನ್ನೂ ಆಳಕ್ಕೆ.

ಬಾಗಿಲ ಆಚೆ ಬೆಂಚು ಎಳೆದ ಸದ್ದು. ಯಾರೋ ಓಡಿದರು. ಇನ್ನೂ ಯಾರೋ ಓಡಿದರು. ಗಾಲಿಗಳ ಗಡಗಡ. ಹೊಟ್ಟೆ ಒತ್ತಿಹಿಡಿಯಿರಿ ಎಂದು ಒಂದು ಗಂಡುದನಿ. ಎಲ್ಲಿಂದ ಬರ್ತಿದೆ ಗೊತ್ತಾಗ್ತಿಲ್ಲ ಎಂದು ಒಂದು ಹೆಣ್ಣುದನಿ.

“ನಿಲ್ಲಿಸಿ,” ಎಂದ. ನಾಲಿಗೆ ತೊದಲಿತು. “ನಿಲ್ಲಿಸಿ. ಹೊಲಿದುಬಿಡಿ.”

ತೆರೆದ ಹೊಟ್ಟೆಯನ್ನು ಬಿಟ್ಟು ನಿಲ್ಲುವಂತಿರಲಿಲ್ಲ. ಕೈಗಳು ಒಳಗೆ ಇಳಿದವು. ಕತ್ತರಿಸಿದವು. ಕಟ್ಟಿದವು. ಹೊರಗಿನ ಗದ್ದಲ ಏರಿತು. ಅವನು ಕಿವಿಯಾಗಿ ಮಲಗಿದ್ದ. ಅವಳ ದನಿಯೊಂದನ್ನು ಹುಡುಕುತ್ತಿದ್ದ. ನರಳಿದರೂ ಸಾಕಿತ್ತು. ಕಿರುಚಿದರೂ ಸಾಕಿತ್ತು. ಒಂದು ಗಳಿಗೆ. ಇನ್ನೊಂದು ಗಳಿಗೆ. ಆಮೇಲೆ ಹೊರಗೆ ಎಲ್ಲ ಒಟ್ಟಿಗೆ ನಿಂತುಹೋಯಿತು.

ಪರದೆಯ ಆಚೆಯಿಂದ ನರ್ಸು ನಿರಾಳವಾಗಿ ಉಸಿರು ಬಿಟ್ಟದ್ದು ಕೇಳಿಸಿತು.

“ಈಗ ಬಂತು ನೋಡಿ ಸಾರ್, ರಕ್ತ.”

ತಗಡಿನ ಬಿಂಬದಲ್ಲಿ ಹತ್ತಿಯ ಉಂಡೆ ಕೆಂಪಾಗುತ್ತಿತ್ತು. ಅವನದೇ ರಕ್ತ, ಹೋಗಲು ಅದಕ್ಕೆ ಇನ್ನೊಂದು ಮೈ ಉಳಿದಿರಲಿಲ್ಲ.

ಅವನ ಗಾಯ ಬೇಗ ಕೂಡಿಕೊಂಡಿತು. ಹತ್ತನೆಯ ದಿನ ಹೊಲಿಗೆ ಬಿಚ್ಚಿದ ಡಾಕ್ಟರು ಅವನ ಮುಖ ನೋಡಲಾರದೆ, ಇನ್ನು ಭಯವಿಲ್ಲ, ಮನೆಗೆ ಹೋಗಬಹುದು ಎಂದರು.