ಐವತ್ತಾರರ ನಂತರದ ಹದಿನಾರು

ಟಕ್... ಟಕ್... ಟಕ್...

ರಾತ್ರಿ ಹನ್ನೊಂದೂವರೆ. ಪಂದ್ಯ ಮುಗಿದು ಮೈದಾನದ ದೊಡ್ಡ ದೀಪಗಳು ಆರಿ ಅರ್ಧ ಗಂಟೆಯಾಗಿತ್ತು. ಪ್ರೆಸ್ ಬಾಕ್ಸಿನ ಮರದ ಗೋಡೆಗೆ ಕೆಳಗಿನಿಂದ ಯಾರೋ ಏನನ್ನೋ ಮೆಲ್ಲಗೆ ಹೊಡೆಯುತ್ತಿದ್ದರು.

ಲೋರ್ನಾ ವೆಸೆಲಿಯ ಪೆನ್ಸಿಲ್ ನಿಂತಿತು.

"ಯಾರದು?"

"ಇವತ್ತು ನಿಮ್ಮಿಂದ ಅನ್ಯಾಯ ಆದ ಮನುಷ್ಯ!"

ಅವಳು ಕಿಟಕಿಯಿಂದ ಬಗ್ಗಿ ನೋಡಿದಳು. ಕೆಳಗೊಬ್ಬ ಎತ್ತರದ ಆಳು ಚೆಂಡನ್ನು ಗೋಡೆಗೆ ಎಸೆದು ಹಿಡಿಯುತ್ತಾ ನಿಂತಿದ್ದ. ಗ್ರೇಡಿ ಹಾಲ್ವರ್ಸನ್. ಕೆಲ್ಸೋ ಫೆರಿ ಪೈಲಟ್ಸ್ ಬೇಸ್‌ಬಾಲ್ ತಂಡದ ಪಿಚರ್, ಚೆಂಡು ಎಸೆಯುವವನು. ಇಪ್ಪತ್ತೊಂಬತ್ತು ವರ್ಷ. ಹತ್ತೊಂಬತ್ತು ಇಪ್ಪತ್ತರ ಹುಡುಗರೇ ತುಂಬಿರುವ ಸಣ್ಣ ಲೀಗಿನಲ್ಲಿ ಅದು ಮುದುಕನ ವಯಸ್ಸು.

"ನಾಲ್ಕನೇ ಇನಿಂಗ್ಸ್‌ನಲ್ಲಿ ಚೆಂಡು ಬಿಟ್ಟವನು ನಮ್ಮ ಕ್ಯಾಚರ್. ನೀವು ಸ್ಕೋರ್ ಪುಸ್ತಕದಲ್ಲಿ ನನ್ನ ತಪ್ಪು ಅಂತ ಬರೆದಿದ್ದೀರಿ."

"ಚೆಂಡು ಅವನ ಮುಂದೆ ನೆಲಕ್ಕೆ ಬಡಿದು ಎದ್ದಿತು. ನೆಲಕ್ಕೆ ಬಡಿದ ಎಸೆತ ಪಿಚರ್ ಲೆಕ್ಕಕ್ಕೆ."

"ಅಷ್ಟು ಮೇಲಿಂದ ಕಾಣಿಸ್ತಾ?"

"ಧೂಳು ಕಾಣಿಸ್ತು. ನಾನು ಕಂಡದ್ದನ್ನು ಮಾತ್ರ ಬರೀತೀನಿ."

ಅವನು ನಕ್ಕುಬಿಟ್ಟ. ಕತ್ತಲಲ್ಲಿ ಆ ನಗು ಎಷ್ಟು ಹತ್ತಿರದಲ್ಲಿ ಕೇಳಿಸಿತು!

"ಸರಿ ಟೀಚರ್, ಒಂದು ಪರೀಕ್ಷೆ. 1941ರಲ್ಲಿ ಸತತ ಐವತ್ತಾರು ಪಂದ್ಯ ಹಿಟ್ ಹೊಡೆದವನನ್ನು ಐವತ್ತೇಳನೇ ಪಂದ್ಯದಲ್ಲಿ ತಡೆದದ್ದು ಯಾರು?"

"ಕ್ಲೀವ್‌ಲ್ಯಾಂಡ್ ತಂಡದಲ್ಲಿ ಮೂರನೇ ಬೇಸ್ ಕಾಯುತ್ತಿದ್ದವನು. ಎರಡು ಸಲ ಹಾರಿ ತಡೆದ. ಇದು ಇಲ್ಲಿನ ಮಕ್ಕಳಿಗೂ ಗೊತ್ತು. ನನ್ನ ಪ್ರಶ್ನೆಗೆ ಉತ್ತರ ಹೇಳಿ. ಅದಾದ ಮಾರನೇ ದಿನ ಏನಾಯ್ತು?"

ಅವನು ಚೆಂಡನ್ನು ಕೈಯಲ್ಲೇ ಹಿಡಿದು ನಿಂತ. "...ಗೊತ್ತಿಲ್ಲ."

"ಮತ್ತೆ ಹೊಡೆದ. ಸತತ ಹದಿನಾರು ಪಂದ್ಯ. ಐವತ್ತಾರು ಎಲ್ಲರಿಗೂ ನೆನಪಿದೆ. ಆ ಹದಿನಾರು ಯಾರಿಗೂ ನೆನಪಿಲ್ಲ."

ಕೆಳಗೆ ಅವನು ಟೋಪಿ ತೆಗೆದ.

"ನಿಮ್ಮ ಹೆಸರೇನು ಟೀಚರ್?"

---

ಲೋರ್ನಾ ನಿಜವಾಗಿಯೂ ಟೀಚರೇ. ಊರಿನ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದಳು. ಆ ವರ್ಷ, ಅಂದರೆ 1991ರಲ್ಲಿ, ಹಳೆಯ ಸ್ಕೋರರ್ ಹಾಸಿಗೆ ಹಿಡಿದಾಗ ಆ ಕುರ್ಚಿ ಅವಳಿಗೆ ಬಂತು. ಅಲ್ಲಿ ಕುಳಿತ ಮೊದಲ ಹೆಂಗಸು ಅವಳು.

ಆ ಕುರ್ಚಿಯ ಕೆಲಸ ಕೇಳಲು ಸುಲಭ. ಬ್ಯಾಟಿನಿಂದ ಹೊರಟ ಚೆಂಡನ್ನು ಹಿಡಿಯಲು ಸಾಧ್ಯವೇ ಇರಲಿಲ್ಲವೆಂದರೆ 'ಹಿಟ್'. ಹಿಡಿಯಬಹುದಾಗಿದ್ದೂ ಮೈದಾನದವನು ಕೈಬಿಟ್ಟರೆ 'ತಪ್ಪು'. ಯಾವುದು ಎಂದು ಹೇಳುವುದು ಒಬ್ಬಳೇ. ಅವಳು ಹೇಳಿದ್ದೇ ದಾಖಲೆ.

"ಹುಡುಗಿ ಬರೆದ ದಾಖಲೆ..." ಎಂದು ಪಕ್ಕದ ಕುರ್ಚಿಯಲ್ಲಿ ಕೂತು ರೇಡಿಯೋದಲ್ಲಿ ಆಟ ಬಣ್ಣಿಸುವ ಆರ್ವಿಲ್ ದಿನವೂ ಗೊಣಗುತ್ತಿದ್ದ. ನದಿಯಿಂದ ಹಾರಿ ಬಂದು ಮೇಜಿನ ಮೇಲೆ ಸಾಯುವ ಹುಳುಗಳನ್ನು ಗುಡಿಸುತ್ತಾ, ಸೂರ್ಯಕಾಂತಿ ಬೀಜ ಉಗಿಯುತ್ತಾ, ಅವಳ ಒಂದೊಂದು ಗುರುತನ್ನೂ ಇಣುಕಿ ನೋಡುತ್ತಿದ್ದ.

ಹಾಗಾಗಿ ಪ್ರೀತಿ ನದಿ ದಾಟಿ ಹೋಗಬೇಕಾಯಿತು. ಆಚೆ ದಡದ ಇಲಿನಾಯ್‌ನಲ್ಲಿ ಒಂದು ಸಣ್ಣ ಹೋಟೆಲು. ಇಬ್ಬರೂ ಬೇರೆ ಬೇರೆ ಬಂದು, ಒಂದೇ ಚೆರಿ ಪೈಗೆ ಎರಡು ಫೋರ್ಕ್ ತರಿಸಿಕೊಂಡು, ಬೇರೆ ಬೇರೆ ಹೊರಡುತ್ತಿದ್ದರು.

"ಲೋರ್ನಾ, ನನ್ನ ಜೊತೆ ಕಾಣಿಸಿಕೊಳ್ಳೋಕೆ ನಾಚಿಕೆನಾ ನಿನಗೆ?"

"ಅಲ್ಲ ಕಣೋ! ನಾನು ಬರೆಯೋ ಒಂದೊಂದು ಅಂಕಿಗೂ ಜನ ಅರ್ಥ ಹುಡುಕ್ತಾರೆ. ಈ ಸೀಸನ್ ಒಂದು ಮುಗೀಲಿ. ಕೊನೆ ಪಂದ್ಯ ಆದ ತಕ್ಷಣ ಮುಂದಿನ ಗೇಟಿನಿಂದ ನಿನ್ನ ಕೈ ಹಿಡ್ಕೊಂಡೇ ಹೊರಗೆ ಬರ್ತೀನಿ. ಎಲ್ಲರೆದುರಿಗೆ."

"ಆಣೆ?"

"ಆಣೆ."

ಅವನು ಅವಳ ಪಾಲಿನ ಚೆರಿಯನ್ನೂ ಕದ್ದು ತಿಂದ. ಅಷ್ಟೊಂದು ಸಂತೋಷವಾಗಿದ್ದ.

---

ಕೊನೆಯ ಪಂದ್ಯ ಸೆಪ್ಟೆಂಬರ್‌ನ ಮೊದಲ ಸೋಮವಾರ, ಮಧ್ಯಾಹ್ನ.

ಗ್ರೇಡಿ ಅವತ್ತು ಎಸೆದಂತೆ ಯಾವತ್ತೂ ಎಸೆದಿರಲಿಲ್ಲ. ಒಂಬತ್ತರಲ್ಲಿ ಎಂಟು ಇನಿಂಗ್ಸ್ ಕಳೆದರೂ ಎದುರಾಳಿಗಳಿಗೆ ಒಂದೇ ಒಂದು ಹಿಟ್ ಸಿಗಲಿಲ್ಲ. ಬೋರ್ಡಿನಲ್ಲಿ ಸೊನ್ನೆ ಹಾಗೇ ಇತ್ತು. ಇನ್ನು ಮೂವರು... ಇನ್ನಿಬ್ಬರು... ಇನ್ನೊಬ್ಬ! ಅವನೊಬ್ಬ ಔಟಾದರೆ ಅದು 'ನೋ-ಹಿಟರ್'. ಆ ಮೈದಾನದಲ್ಲಿ ಯಾರೂ ಎಸೆಯದ ಪಂದ್ಯ. ಮುಂದಿನ ವರ್ಷ ತಂಡ ಅವನನ್ನು ಇಟ್ಟುಕೊಳ್ಳಲು ಅದೊಂದೇ ದಾರಿ ಎಂದು ಅವಳಿಗೆ ಗೊತ್ತಿತ್ತು.

"ಆ ಉದ್ದ ಕಾಲಿನವನು ಪದೇ ಪದೇ ನಮ್ಮ ಕಿಟಕಿ ಕಡೆ ನೋಡ್ತಾನಲ್ಲ, ಗಮನಿಸಿದ್ಯಾ?" ಆರ್ವಿಲ್ ಬೀಜ ಉಗಿದು ಕೇಳಿದ. "ನನ್ನನ್ನಂತೂ ನೋಡ್ತಿಲ್ಲ."

ಲೋರ್ನಾ ಕುರ್ಚಿಯನ್ನು ಕಿಟಕಿಯಿಂದ ತುಸು ಹಿಂದಕ್ಕೆ ಸರಿಸಿದಳು.

ಅಷ್ಟರಲ್ಲೇ ಆ ಕೊನೆಯವನು ಬ್ಯಾಟ್ ಬೀಸಿದ. ಚೆಂಡು ನೆಲ ಸವರಿಕೊಂಡು ಗ್ರೇಡಿಯ ಬಲಗಡೆಯಿಂದ ನುಗ್ಗಿತು. ಅವನು ಬರಿಗೈ ಚಾಚಿದ. ಸಿಗಲಿಲ್ಲ. ಹಿಂದೆ ನಿಂತಿದ್ದ ಶಾರ್ಟ್‌ಸ್ಟಾಪ್ ಸ್ಥಾನದ ಹುಡುಗ ಸರಿಯಾದ ಜಾಗದಲ್ಲೇ ಇದ್ದ. ಆದರೂ ಚೆಂಡು ಅವನ ಗ್ಲೌಸಿನ ಅಂಚಿಗೆ ಬಡಿದು ಆಚೆ ಹೋಯಿತು!

ಮೂರು ಸಾವಿರ ಮುಖಗಳು ಮೇಲಕ್ಕೆ ತಿರುಗಿದವು. ಗ್ರೇಡಿಯ ಮುಖವೂ.

*ತಪ್ಪು.* ಅವಳ ಮನಸ್ಸು ಮೊದಲು ಹೇಳಿದ್ದು ಅದೇ. *ಹುಡುಗ ಹಿಡಿಯಬೇಕಿತ್ತು.*

*ಆದರೆ... ಇನ್ನರ್ಧ ಗಂಟೆಯಲ್ಲಿ ಇವನ ಕೈ ಹಿಡಿದು ಮುಂದಿನ ಗೇಟಿನಿಂದ ಹೊರಡುತ್ತೇನೆ. ಆಗ ಜನ ಏನನ್ನುತ್ತಾರೆ? ಪ್ರಿಯತಮನಿಗೆ ದಾಖಲೆ ಕೊಟ್ಟವಳು ಅಂತ...*

"ಹೇಳಮ್ಮ ಹುಡುಗಿ," ಆರ್ವಿಲ್ ಮೈಕಿಗೆ ಕೈ ಅಡ್ಡ ಹಿಡಿದು ಅವಸರಿಸಿದ. "ಹಿಟ್ಟೋ, ತಪ್ಪೋ?"

"ಹಿಟ್," ಎಂದಳು ಲೋರ್ನಾ.

ಸೊನ್ನೆ ಹೋಗಿ ಒಂದು ಬಂತು. ಮೈದಾನವೆಲ್ಲ ಕೂಗಾಡಿತು. ಗ್ರೇಡಿ ಮಾತ್ರ ತಲೆ ತಗ್ಗಿಸಿ ಮುಂದಿನವನನ್ನು ಔಟ್ ಮಾಡಿ ಪಂದ್ಯ ಗೆದ್ದು ಹೊರಟುಹೋದ.

ಅವಳು ಮುಂದಿನ ಗೇಟಿಗೆ ಹೋಗಲಿಲ್ಲ. ಹಿಂದಿನ ಮೆಟ್ಟಿಲಿಳಿದು ಮನೆ ಸೇರಿ ಬಾಗಿಲು ಹಾಕಿಕೊಂಡಳು.

ಸಂಜೆ ಅವನೇ ಬಂದ. ಒಳಗೆ ಬರಲಿಲ್ಲ. ಬಲಗೈಯನ್ನು ಜೇಬಿಗಿಳಿಸಿ ಮೆಟ್ಟಿಲ ಮೇಲೇ ನಿಂತ. ಆ ನಿಲುವು ಅವಳಿಗೆ ಎಷ್ಟು ಬಿಗುಮಾನದ್ದಾಗಿ ಕಂಡಿತು!

"ಒಂದೇ ಮಾತು ಕೇಳ್ತೀನಿ. ನೀನು ಏನು ನೋಡಿದೆ?"

*ದಾಖಲೆ ಬದಲಾಯಿಸು ಎನ್ನಲು ಬಂದಿದ್ದಾನೆ...* ಸ್ಕೋರರ್‌ಗೆ ತೀರ್ಪು ಬದಲಿಸಲು ಇಪ್ಪತ್ತನಾಲ್ಕು ಗಂಟೆ ಇರುತ್ತಿತ್ತು. ಅವಳು ಬೆನ್ನು ನೆಟ್ಟಗೆ ಮಾಡಿಕೊಂಡಳು.

"ಸ್ಪಷ್ಟವಾಗಿ ನೋಡಿದೆ. ಅದು ಹಿಟ್."

"ಸ್ಪಷ್ಟವಾಗಿ?"

"ಹೌದು. ಸಂಶಯವೇ ಇಲ್ಲ."

ಅವನು ಅವಳ ಮುಖವನ್ನೇ ಬಹಳ ಹೊತ್ತು ನೋಡಿದ. ಕಣ್ಣಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಅವಳು ತಡೆದುಕೊಳ್ಳುತ್ತಿದ್ದಳು.

"ಸರಿ, ಟೀಚರ್."

ಅಷ್ಟೇ. ಮಾರನೇ ರಾತ್ರಿಯ ಬಸ್ಸಿಗೆ ಅವನು ಹೋದ. ಮುಂದಿನ ವರ್ಷದ ತಂಡದಲ್ಲಿ ಅವನ ಹೆಸರಿರಲಿಲ್ಲ.

---

ಇಪ್ಪತ್ತೆಂಟು ವರ್ಷ...

ಲೋರ್ನಾ ಮದುವೆಯಾಗಲಿಲ್ಲ. ಕುರ್ಚಿ ಬಿಡಲಿಲ್ಲ. ಪಂದ್ಯದ ದಿನ ಹಂಚುವ ಪುಸ್ತಕದಲ್ಲಿ 'ನೆನಪಿದೆಯಾ?' ಎಂಬ ಹತ್ತು ಪ್ರಶ್ನೆಗಳ ಪುಟವನ್ನೂ ಅವಳೇ ಬರೆಯುತ್ತಿದ್ದಳು. ಪ್ರತಿ ವರ್ಷದ ಕೊನೆಯ ಪ್ರಶ್ನೆ ಒಂದೇ: ಈ ಮೈದಾನದಲ್ಲಿ ನೋ-ಹಿಟರ್ ಎಸೆದವರು ಯಾರು? ಉತ್ತರ: ಯಾರೂ ಇಲ್ಲ.

ಊರಿನವರು ಬೇಕೆಂದೇ 'ಗ್ರೇಡಿ ಹಾಲ್ವರ್ಸನ್' ಎಂದು ಬರೆದು ಕೊಡುತ್ತಿದ್ದರು. ಬಾರಿನಲ್ಲಿ, ಕ್ಷೌರದಂಗಡಿಯಲ್ಲಿ, ಚರ್ಚಿನ ಊಟದಲ್ಲಿ ಅವಳು ಕೇಳಿದ್ದು ಅದೇ ಕೀಟಲೆ. "ಏನು ಲೋರ್ನಾ, ಈ ವರ್ಷವಾದ್ರೂ ಕನ್ನಡಕ ಬದಲಾಯಿಸಿದ್ಯಾ?"

2010ರ ಜೂನ್‌ನಲ್ಲಿ ಡೆಟ್ರಾಯಿಟ್‌ನಲ್ಲಿ ಒಬ್ಬ ಅಂಪೈರ್ ಕೊನೆಯ ಔಟನ್ನು ತಪ್ಪಾಗಿ ಹೇಳಿ ಎದುರಾಳಿ ಒಬ್ಬನೂ ಬೇಸ್ ತಲುಪದಂತೆ ಎಸೆದ ಒಬ್ಬ ಪಿಚರ್‌ನ ಪರಿಪೂರ್ಣ ಪಂದ್ಯವನ್ನೇ ಕಳೆದ. ನಾನು ತಪ್ಪು ಮಾಡಿದೆ ಎಂದು ಅಂದೇ ಒಪ್ಪಿಕೊಂಡ. ಮಾರನೇ ದಿನ ಅದೇ ಪಿಚರ್ ಬಂದು ಅವನ ಕೈಗೆ ಆಟಗಾರರ ಪಟ್ಟಿ ಕೊಟ್ಟ. ಅಂಪೈರ್ ಕಣ್ಣೊರೆಸಿಕೊಂಡ. ಲೋರ್ನಾ ಟಿವಿ ಆರಿಸಿ ಅಡುಗೆಮನೆಯ ನೆಲದ ಮೇಲೆ ಕುಳಿತು ಅತ್ತಳು.

*ಒಂದೇ ದಿನ ಸಾಕಾಗಿತ್ತು. ನನಗೂ ಒಂದು ದಿನ ಇತ್ತು...*

2019ರಲ್ಲಿ ಕುರ್ಚಿ ಬಿಡುವುದೆಂದು ನಿರ್ಧರಿಸಿದಳು. ಆಗಸ್ಟ್‌ನ ಪುಸ್ತಕದಲ್ಲಿ ಹತ್ತನೇ ಪ್ರಶ್ನೆ ಬದಲಾಯಿತು. *1991ರ ಕೊನೆಯ ಪಂದ್ಯದಲ್ಲಿ ತಪ್ಪು ಮಾಡಿದವರು ಯಾರು? ಉತ್ತರ: ಸ್ಕೋರರ್.*

ಊರು ಹಬ್ಬ ಮಾಡಿತು! ಎಂಬತ್ತೊಂದರ ಆರ್ವಿಲ್ ಅದನ್ನು ರೇಡಿಯೋದಲ್ಲಿ ಮೂರು ಸಲ ಓದಿದ. "ಒಪ್ಪಿಕೊಂಡ್ಳು ಕಣ್ರಪ್ಪೋ!" ಇಷ್ಟು ಹಳೆಯ ಪಂದ್ಯವನ್ನು ಮುಟ್ಟುವಂತಿಲ್ಲ, ದಾಖಲೆ ಪುಸ್ತಕದಲ್ಲಿ ಒಂದು ಹಿಟ್ ಹಾಗೇ ಇರುತ್ತದೆ ಎಂದಿತು ಲೀಗ್. ಯಾರಿಗೆ ಬೇಕು ಪುಸ್ತಕ! ಊರಿನವರು ಕಡೆಗೂ ಗೆದ್ದಿದ್ದರು.

---

ಅವಳ ಕೊನೆಯ ಪಂದ್ಯ. ಮತ್ತೆ ಸೆಪ್ಟೆಂಬರ್‌ನ ಮೊದಲ ಸೋಮವಾರ. ಆಟ ಮುಗಿದಿತ್ತು. ಆರ್ವಿಲ್ ಕೆಳಗೆ ಸಾಸೇಜ್ ತಿನ್ನಲು ಹೋಗಿದ್ದ. ಅವಳು ಪೆನ್ಸಿಲುಗಳನ್ನು ಡಬ್ಬಿಗೆ ತುಂಬುತ್ತಿದ್ದಳು.

ಟಕ್... ಟಕ್...

ಡಬ್ಬಿ ಕೈಜಾರಿತು.

ಕಿಟಕಿಗೆ ಹೋಗಲು ಅವಳಿಗೆ ಧೈರ್ಯವಾಗಲಿಲ್ಲ. ಅವನೇ ಮೆಟ್ಟಿಲು ಹತ್ತಿ ಬಂದ. ನರೆತ ಕೂದಲು. ಸ್ವಲ್ಪ ಎಳೆದುಕೊಂಡು ನಡೆಯುವ ಎಡಗಾಲು. ಕೈಯಲ್ಲೊಂದು ಹಳೆಯ ಚೆಂಡು.

"ನೆಬ್ರಾಸ್ಕಾದಿಂದ ಆರು ಗಂಟೆ ಗಾಡಿ ಓಡಿಸಿಕೊಂಡು ಬಂದೆ. ಕುರ್ಚಿ ಕೊಡ್ತೀಯಾ?"

"ಗ್ರೇಡಿ..." ಅವಳು ಕುರ್ಚಿಯನ್ನು ಅವನತ್ತ ತಳ್ಳಿದಳು. "ನಿನಗೆ ಹೇಗೆ..."

"ಈಗ ಆರ್ವಿಲ್ ಫೋನಿನಲ್ಲೂ ಕೇಳಿಸ್ತಾನೆ. ಐದಾರು ವರ್ಷದಿಂದ ಕೇಳ್ತಿದ್ದೀನಿ. ಅವನು ಯಾರನ್ನೋ ಬೈತಿದ್ದಾನೆ ಅಂದ್ರೆ ಪಕ್ಕದಲ್ಲಿ ನೀನಿದ್ದೀಯ ಅಂತ ಸಮಾಧಾನ." ಅವನು ಕುಳಿತ. "ಮದುವೆ ಆಯ್ತು. ನಿಲ್ಲಲಿಲ್ಲ. ಶಾಲೆ ಹುಡುಗರಿಗೆ ಎಸೆಯೋದು ಕಲಿಸ್ತೀನಿ. ಇಷ್ಟೇ ನನ್ನ ಕಥೆ. ನೀನು ಬರೆದ ಉತ್ತರ ಕೇಳಿದೆ."

ಅವಳ ಕಣ್ಣು ತುಂಬಿತು. "ನನ್ನನ್ನು ಕ್ಷಮಿಸು. ಅದು ತಪ್ಪು ಅಂತ ಆವತ್ತೇ ಅನ್ನಿಸಿತ್ತು. ಭಯಪಟ್ಟು ಹಿಟ್ ಅಂದೆ. ನಿನ್ನ ಬಾಳನ್ನೇ..."

"ಲೋರ್ನಾ, ಅದು ಹಿಟ್ಟೇ."

"ಏನು?"

ಅವನು ಬಲಗೈಯನ್ನು ಮೇಜಿನ ಮೇಲಿಟ್ಟ. ತೋರುಬೆರಳಿನ ಉಗುರು ನಡುವೆ ಸೀಳಿ ಬೆಳೆದು ಏಣಿನಂತೆ ಉಬ್ಬಿತ್ತು.

"ಚೆಂಡು ಇಲ್ಲಿ ತಾಗಿತ್ತು. ಕೂದಲೆಳೆಯಷ್ಟು. ದಾರಿ ತಪ್ಪಿದ್ದಕ್ಕೇ ಆ ಹುಡುಗನಿಗೆ ಸಿಗಲಿಲ್ಲ. ಪಿಚರ್ ಕೈಗೆ ತಾಗಿ ತಿರುಗಿದ ಚೆಂಡು ಏನು ಟೀಚರ್?"

"...ಹಿಟ್."

"ಯಾರಿಗೂ ಕಂಡಿರಲಿಲ್ಲ. ನಿನಗೂ."

ಅವಳಿಗೆ ಮೆಟ್ಟಿಲ ಮೇಲಿನ ಆ ಸಂಜೆ ನೆನಪಾಯಿತು. ಜೇಬಿನಲ್ಲಿದ್ದ ಬಲಗೈ! ಅದು ಬಿಗುಮಾನವಾಗಿರಲಿಲ್ಲ. ಉಗುರಿನಡಿ ರಕ್ತ ಹೆಪ್ಪುಗಟ್ಟಿತ್ತು...

"ನೀನು 'ಗೊತ್ತಾಗಲಿಲ್ಲ, ಹೆದರಿಬಿಟ್ಟೆ' ಅಂದಿದ್ರೆ ಕೈ ತೆಗೆದು ತೋರಿಸ್ತಿದ್ದೆ. ಇಬ್ಬರೂ ನಗ್ತಿದ್ವಿ. ಸ್ಪಷ್ಟವಾಗಿ ನೋಡಿದೆ ಅಂದೆಯಲ್ಲ... ಕಾಣದ್ದನ್ನು ಕಂಡೆ ಅಂತ ನೀನು ಯಾವತ್ತೂ ಹೇಳಿದವಳಲ್ಲ. ಸುಳ್ಳು ಹೇಳೋವಷ್ಟು ನನ್ನ ಜೊತೆ ಕಾಣಿಸಿಕೊಳ್ಳೋದು ಇವಳಿಗೆ ಭಯ ಅಂದ್ಕೊಂಡೆ."

"ನಿನ್ನ ಭಯ ಅಲ್ಲ! ಜನರ ಭಯ..."

"ಈಗ ಗೊತ್ತಾಗುತ್ತೆ. ಆಗ ನನಗೂ ಸೊಕ್ಕು. ನಿನ್ನನ್ನು ಪರೀಕ್ಷೆ ಮಾಡೋಕೆ ಬಂದೆ. ನಿಜ ಹೇಳೋಕೆ ಬರಲಿಲ್ಲ." ಅವನ ಧ್ವನಿ ಇಳಿಯಿತು. "ಇನ್ನೊಂದಿದೆ. ಮಾರನೇ ದಿನ ಪೂರ್ತಿ ಬಸ್ ನಿಲ್ದಾಣದಲ್ಲಿ ಕೂತಿದ್ದೆ. ನೀನು ತೀರ್ಪು ಬದಲಾಯಿಸ್ತೀಯೇನೋ ಅಂತ. ಬೆರಳು ನೋಯ್ತಾ ಇತ್ತು, ಆದ್ರೂ ಆ ಸೊನ್ನೆ ಬೇಕಿತ್ತು ನನಗೆ. ನಿನಗಿಂತ ದೊಡ್ಡ ಸುಳ್ಳ ನಾನು."

ಕೆಳಗೆ ಯಾರೋ ನೀರಿನ ಪೈಪು ಹಿಡಿದು ಮೆಟ್ಟಿಲು ತೊಳೆಯುತ್ತಿದ್ದರು. ಪುಸ್ತಕದಲ್ಲಿ ಬರೆದದ್ದೆಲ್ಲ ಸರಿಯಾಗಿತ್ತು. ಕಳೆದುಹೋದದ್ದು ಇಪ್ಪತ್ತೆಂಟು ವರ್ಷ. ಅದನ್ನು ಬರೆಯಲು ಯಾವ ಪುಸ್ತಕದಲ್ಲೂ ಜಾಗವಿರಲಿಲ್ಲ.

"ಕೆಳಗೆ ಎಲ್ಲರೂ ಇದ್ದಾರೆ," ಗ್ರೇಡಿ ಎದ್ದ. "ಆರ್ವಿಲ್ ಮೈಕಿನಲ್ಲಿ ನಾನೇ ಹೇಳಿಬಿಡ್ತೀನಿ. ಟೀಚರ್ ಸರಿಯಾಗೇ ಬರೆದಿದ್ಲು ಅಂತ."

"ಬೇಡ."

"ಯಾಕೆ? ಇಷ್ಟು ವರ್ಷ ನಿನ್ನನ್ನು ಆಡಿಕೊಂಡಿದ್ದಾರೆ!"

"ನಾನು ನೋಡಿ ಬರೆದದ್ದಲ್ಲ ಗ್ರೇಡಿ. ಹೆದರಿ ಬರೆದದ್ದು. ಸರಿ ಅನ್ನಿಸಿಕೊಳ್ಳೋ ಹಕ್ಕು ನನಗಿಲ್ಲ."

ಅವನು ಹಳೆಯ ಚೆಂಡನ್ನು ಅವಳ ಅಂಗೈಯಲ್ಲಿಟ್ಟು, ತನ್ನ ಕೈಯನ್ನು ಅಲ್ಲೇ ಬಿಟ್ಟ.

"ನಮ್ಮ ಐವತ್ತಾರು ಮುರಿದುಹೋಯ್ತು ಲೋರ್ನಾ. ಹದಿನಾರಾದ್ರೂ ಉಳಿದಿರಬಹುದಾ?"

"ಅದು ಯಾರಿಗೂ ನೆನಪಿರಲ್ಲ," ಅವಳು ಅಳುತ್ತಲೇ ನಕ್ಕಳು.

"ನಮಗಿದ್ರೆ ಸಾಕು."

ಅವರು ಮುಂದಿನ ಗೇಟಿನ ಕಡೆಗೇ ಇಳಿದರು. ಕೈ ಹಿಡಿದುಕೊಂಡು. ಸಾಸೇಜ್ ಅಂಗಡಿಯ ಸಾಲು ಒಮ್ಮೆಲೇ ತಿರುಗಿ ನೋಡಿತು. ಆರ್ವಿಲ್ ಬಾಯಿ ತೆರೆದವನು ಮುಚ್ಚಲು ಮರೆತ.

"ಅಯ್ಯಯ್ಯೋ, ಉದ್ದ ಕಾಲಿನವನು!" ಆಮೇಲೆ ಅವಳತ್ತ ಬೆರಳು ತೋರಿಸಿದ. "ಏನಮ್ಮ ಹುಡುಗಿ, ಅವನೆದುರಿಗೇ ಹೇಳು ನೋಡೋಣ. ಹಿಟ್ಟೋ, ತಪ್ಪೋ?"

ಎಲ್ಲರೂ ಕಾಯುತ್ತಿದ್ದರು. ಗ್ರೇಡಿಯ ಸೀಳು ಉಗುರು ಅವಳ ಅಂಗೈಗೆ ಮೆಲ್ಲಗೆ ತಾಗುತ್ತಿತ್ತು. ಒಂದು ಮಾತು ಸಾಕು, ಇಡೀ ಊರು ಅವಳ ಮುಂದೆ ತಲೆ ತಗ್ಗಿಸುತ್ತಿತ್ತು.

ಲೋರ್ನಾ ಆ ಕೈಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದಳು. ಇದನ್ನು ಯಾರಿಗೂ ಹೇಳುವುದಿಲ್ಲ, ಯಾವತ್ತೂ, ಎಂದುಕೊಂಡಳು.

"ಹತ್ತನೇ ಪ್ರಶ್ನೆ ಓದಿಲ್ವಾ ಆರ್ವಿಲ್?" ಎಂದಳು. "ಉತ್ತರ ಅಲ್ಲೇ ಇದೆಯಲ್ಲ."

ನಗುವಿನ ನಡುವೆ ಅವಳು ಗೇಟು ದಾಟಿದಳು.